ಹದಿಮೂರನೇ ದಿನದ ನಂತರ: ದುಃಖದಲ್ಲಿರುವವರ ದೇಹವನ್ನು ಆರು ತಿಂಗಳು ನೋಡಿಕೊಳ್ಳುವ ಬಗೆ

ಮೂರನೇ ದಿನ ಹಾಲು-ತುಪ್ಪ, ಹತ್ತಕ್ಕೆ ಸೂತಕ ಕಳೆಯಿತು, ಹನ್ನೊಂದಕ್ಕೆ ತಿಥಿ, ಹದಿಮೂರಕ್ಕೆ ವೈಕುಂಠ ಸಮಾರಾಧನೆ. ಮನೆತನ, ಜಾತಿ, ಮತದ ಮೇಲೆ ಲೆಕ್ಕ ಹಿಂದೆ ಮುಂದೆ ಆಗಬಹುದು. ಆದರೆ ಎರಡು ವಾರ ತುಂಬುವ ಹೊತ್ತಿಗೆ ನೆಂಟರು ಚೀಲ ಕಟ್ಟುತ್ತಾರೆ, ಶಾಮಿಯಾನ ಬಿಚ್ಚುತ್ತಾರೆ, ಮಕ್ಕಳಿಗೆ ರಜೆ ಮುಗಿಯುತ್ತದೆ. ಉಳಿದವರ ದೇಹ ಮಾತ್ರ ಬೇರೆಯೇ ಲೆಕ್ಕ ಇಟ್ಟುಕೊಂಡಿರುತ್ತದೆ.

1969ರಲ್ಲಿ ಬ್ರಿಟನ್ನಿನಲ್ಲಿ ಕಾಲಿನ್ ಮರ್ರೇ ಪಾರ್ಕ್ಸ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಹೆಂಡತಿಯನ್ನು ಕಳೆದುಕೊಂಡ, 55 ದಾಟಿದ 4,486 ಗಂಡಸರನ್ನು ಅದರಲ್ಲಿ ಗಮನಿಸಲಾಗಿತ್ತು. ಮೊದಲ ಆರು ತಿಂಗಳಲ್ಲಿ 213 ಮಂದಿ ತೀರಿಕೊಂಡಿದ್ದರು. ಅದೇ ವಯಸ್ಸಿನ, ಹೆಂಡತಿ ಬದುಕಿರುವ ಗಂಡಸರ ಲೆಕ್ಕಕ್ಕೆ ಹೋಲಿಸಿದರೆ ಇದು ಶೇಕಡಾ 40ರಷ್ಟು ಹೆಚ್ಚು. ಆ ಹೆಚ್ಚುವರಿ ಸಾವುಗಳಲ್ಲಿ ಮುಖ್ಯ ಕಾರಣ ಹೃದಯದ ರಕ್ತನಾಳದ ಕಾಯಿಲೆ. ಆರು ತಿಂಗಳ ನಂತರ ಪ್ರಮಾಣ ನಿಧಾನವಾಗಿ ಇಳಿಯಿತು. ಅಂದರೆ ಆರೈಕೆ ಹದಿಮೂರು ದಿನಕ್ಕಲ್ಲ, ಆರು ತಿಂಗಳಿಗೆ ಬೇಕು. ಕೆಳಗಿನ ಮಾತೆಲ್ಲ ಆ ಆರು ತಿಂಗಳಲ್ಲಿ ಯಾವಾಗ ಏನು ಮಾಡಬೇಕು ಎಂಬುದರ ಬಗ್ಗೆ. ಸಂಗಾತಿಯನ್ನು ಕಳೆದುಕೊಂಡ ಅಮ್ಮನನ್ನೋ ಅಪ್ಪನನ್ನೋ ನೋಡಿಕೊಳ್ಳುವ ಮಗ, ಮಗಳು, ಸೊಸೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ. ಮದುವೆ ಮುರಿದವರಿಗೆ, ಪ್ರೀತಿ ಕಳೆದುಕೊಂಡವರಿಗೆ ಬೇಕಾದ ಬದಲಾವಣೆಗಳು ಕೊನೆಯ ಹೊತ್ತಿಗೆ ಬರುತ್ತವೆ.

ಒಳಗೆ ಏನು ನಡೆಯುತ್ತದೆ

ಆಘಾತದ ಸುದ್ದಿ ಕಿವಿಗೆ ಬಿದ್ದ ಕೆಲವೇ ಕ್ಷಣಗಳಲ್ಲಿ ಅಡ್ರಿನಲಿನ್ ಮತ್ತು ಅದರ ಜೊತೆಗಾರ ನಾರ್‌ಅಡ್ರಿನಲಿನ್ ರಕ್ತಕ್ಕೆ ಸೇರುತ್ತವೆ. ನಾಡಿ ಏರುತ್ತದೆ, ರಕ್ತನಾಳ ಬಿಗಿಯುತ್ತದೆ, ಬಿಪಿ ಹೆಚ್ಚುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವಂತಾಗುತ್ತದೆ. ಬೆನ್ನಿಗೇ ಕಾರ್ಟಿಸಾಲ್ ಏರುತ್ತದೆ. ಅದು ಯಕೃತ್ತಿನಿಂದ ಸಕ್ಕರೆಯನ್ನು ಹೊರಗೆ ತರುತ್ತದೆ, ನಿದ್ದೆಯನ್ನು ಒಡೆಯುತ್ತದೆ, ಬಹಳ ದಿನ ಏರಿಯೇ ಇದ್ದರೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಹುಲಿ ಎದುರಾದಾಗ ಓಡಲು ಇವೆಲ್ಲ ಒಳ್ಳೆಯವೇ. ತೊಂದರೆ ಏನೆಂದರೆ, ದುಃಖದಲ್ಲಿ ಓಡಿಹೋಗುವ ಜಾಗ ಇಲ್ಲ, ಮುಗಿಯುವ ಹೊತ್ತೂ ಗೊತ್ತಿಲ್ಲ. ಹೊಟ್ಟೆ ತೊಳಸುವುದು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಗುವುದು, ಭುಜ-ಕತ್ತು ಕಲ್ಲಾಗುವುದು, ತಿಂದದ್ದು ರುಚಿಸದಿರುವುದು ಎಲ್ಲವೂ ಈ ಏರುಪೇರಿನ ಮುಖಗಳೇ.

ಗಾಯ ಮಾಯುವುದೂ ತಡ. 1995ರಲ್ಲಿ ಅಮೆರಿಕದ ಓಹಾಯೊದಲ್ಲಿ ಮರೆವಿನ ರೋಗಿಗಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ಹೆಂಗಸರ ಚರ್ಮದ ಮೇಲೆ ಒಂದೇ ಅಳತೆಯ ಚಿಕ್ಕ ಗಾಯ ಮಾಡಿ ನೋಡಿದರು. ಅದೇ ವಯಸ್ಸಿನ ಇತರರಿಗಿಂತ ಅವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಹಿಡಿಯಿತು. ಹಾಗಾಗಿ ಸಕ್ಕರೆ ಕಾಯಿಲೆ ಇರುವ ಅಪ್ಪ ಸ್ಮಶಾನಕ್ಕೆ ಬರಿಗಾಲಲ್ಲಿ ಹೋಗಿ ಬಂದಿದ್ದರೆ ಆ ರಾತ್ರಿಯೇ ಪಾದ ತೊಳೆದು, ಒರೆಸಿ, ಬೆರಳ ಸಂದಿಗಳನ್ನೂ ಟಾರ್ಚ್ ಹಿಡಿದು ನೋಡಿ. ಮುಳ್ಳು, ಬೊಬ್ಬೆ, ಸುಟ್ಟ ಗುರುತು ಅವರಿಗೇ ಗೊತ್ತಾಗಿರುವುದಿಲ್ಲ.

ಮೊದಲ ಮೂರು ದಿನ

ಹೃದಯದ ಮಟ್ಟಿಗೆ ಅತಿ ಅಪಾಯದ ಹೊತ್ತು ಇದು. ಬಾಸ್ಟನ್‌ನ ಸಂಶೋಧಕರು ಹೃದಯಾಘಾತವಾದ 1,985 ಮಂದಿಯನ್ನು ವಿಚಾರಿಸಿ 2012ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಹತ್ತಿರದವರು ತೀರಿಕೊಂಡ ಮೊದಲ 24 ಗಂಟೆಗಳಲ್ಲಿ ಹೃದಯಾಘಾತದ ಸಂಭವ ಸುಮಾರು 21 ಪಟ್ಟು, ಮೊದಲ ವಾರದಲ್ಲಿ ಸುಮಾರು 6 ಪಟ್ಟು ಹೆಚ್ಚು. ಈ ಅಂಕಿ ನೋಡಿ ಗಾಬರಿ ಬೀಳಬೇಡಿ. ಅದೇ ಲೆಕ್ಕದಲ್ಲಿ, ಮೊದಲೇ ಹೃದಯದ ಅಪಾಯ ಹೆಚ್ಚಿರುವವರಲ್ಲಿ ಆ ವಾರ 320 ಮಂದಿಗೆ ಒಬ್ಬರಿಗೆ, ಅಪಾಯ ಕಡಿಮೆ ಇರುವವರಲ್ಲಿ 1,394 ಮಂದಿಗೆ ಒಬ್ಬರಿಗೆ ದುಃಖದ ಕಾರಣಕ್ಕೆ ಹೆಚ್ಚುವರಿ ಹೃದಯಾಘಾತ. ಆದ್ದರಿಂದ ಎಲ್ಲರ ಮೇಲೂ ಕಣ್ಣಿಡುವುದಕ್ಕಿಂತ ಬಿಪಿ, ಶುಗರ್, ಹಳೆಯ ಸ್ಟೆಂಟ್ ಇರುವವರ ಮೇಲೆ ಕಣ್ಣಿಡಿ.

ಮಾತ್ರೆಯ ಹೊಣೆ ಒಬ್ಬರಿಗೇ ಇರಲಿ. ಸಾವಿನ ಮನೆಯಲ್ಲಿ ಎಲ್ಲರೂ ಎಲ್ಲ ಕೆಲಸ ಮಾಡುತ್ತಿರುತ್ತಾರೆ. ಯಾರು ಮಾತ್ರೆ ಕೊಟ್ಟರು, ಯಾರು ಕೊಡಲಿಲ್ಲ ತಿಳಿಯುವುದಿಲ್ಲ. ಎರಡು ಸಲ ಕೊಟ್ಟು ಎಡವಟ್ಟಾಗುವುದೂ ಉಂಟು. ಅಳಿಯನೋ ನಾದಿನಿಯೋ, ಸ್ವಲ್ಪ ದೂರದ ಸಂಬಂಧದ, ತಲೆ ತಣ್ಣಗಿರುವ ಒಬ್ಬರನ್ನು ಆರಿಸಿ. ಮಾತ್ರೆಗಳ ಹಾಳೆಗಳನ್ನು, ವೈದ್ಯರ ಚೀಟಿಯನ್ನು ಒಂದು ಡಬ್ಬಿಗೆ ಹಾಕಿ ಅವರ ಕೈಗೆ ಕೊಡಿ. ಅವರು ಗಮನಿಸಬೇಕಾದ್ದು ಇಷ್ಟು:

- ಮೆಟೊಪ್ರೊಲಾಲ್, ಅಟೆನೊಲಾಲ್, ಕ್ಲೊನಿಡಿನ್‌ನಂಥ ಬಿಪಿ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಬಿಪಿ ಅಥವಾ ನಾಡಿ ಎಗರುತ್ತದೆ. ಉಪವಾಸವಿದ್ದರೂ ಇವನ್ನು ತಪ್ಪಿಸಬಾರದು.
- ಸ್ಟೆಂಟ್ ಹಾಕಿಸಿಕೊಂಡವರ ಕ್ಲೊಪಿಡೊಗ್ರೆಲ್, ಆಸ್ಪಿರಿನ್ ಒಂದು ದಿನವೂ ನಿಲ್ಲಬಾರದು.
- ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ತರಹದ ಶುಗರ್ ಮಾತ್ರೆಗಳಿಗೆ ನಿಯಮ ತಿರುಗುಮುರುಗು. ಊಟವಿಲ್ಲದಿದ್ದರೆ ಇವನ್ನು ಕೊಡಬಾರದು. ಕೊಟ್ಟರೆ ಶುಗರ್ ಪಾತಾಳಕ್ಕೆ ಇಳಿಯುತ್ತದೆ.
- ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಊಟ-ನೀರು ಬಿಟ್ಟು ಕೂತರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಬಹುದು, ಅದೂ ಶುಗರ್ ಹೆಚ್ಚು ತೋರಿಸದೆಯೇ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಆಸ್ಪತ್ರೆ. ಊಟ ಬಿಟ್ಟಿದ್ದಾರೆಂದು ಗೊತ್ತಾದ ಕೂಡಲೇ ವೈದ್ಯರಿಗೆ ಫೋನ್ ಮಾಡಿ, ಮಾತ್ರೆ ನಿಲ್ಲಿಸಬೇಕೇ ಎಂದು ಕೇಳಿ.
- ಇನ್ಸುಲಿನ್ ಪೂರ್ತಿ ನಿಲ್ಲಿಸುವುದು ಬೇಡ, ಎಂದಿನ ಪ್ರಮಾಣ ಕಣ್ಣುಮುಚ್ಚಿ ಚುಚ್ಚುವುದೂ ಬೇಡ. ಶುಗರ್ ಎಷ್ಟಿದೆ, ಏನು ತಿಂದಿದ್ದಾರೆ ಎಂದು ತಿಳಿಸಿ ಪ್ರಮಾಣ ಕೇಳಿಕೊಳ್ಳಿ.

ಬೆವರು, ಕೈನಡುಕ, ತೊದಲು, ಏನೋ ಗೊಂದಲ ಕಂಡರೆ “ದುಃಖಕ್ಕೆ ಹಾಗಾಗುತ್ತಿದೆ” ಎನ್ನುವ ಮೊದಲು ಬೆರಳು ಚುಚ್ಚಿ ಶುಗರ್ ನೋಡಿ. 70ಕ್ಕಿಂತ ಕಡಿಮೆ ಇದ್ದರೆ, ಎಚ್ಚರವಿದ್ದರೆ, ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಏರಿದ ಮೇಲೆ ಅನ್ನವೋ ಇಡ್ಲಿಯೋ ಒಂದಿಷ್ಟು ಹೊಟ್ಟೆಗೆ ಬೀಳಲೇಬೇಕು. ಗ್ಲಿಮೆಪಿರೈಡ್‌ನಿಂದ ಇಳಿದ ಶುಗರ್ ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯಬಲ್ಲದು, ಅದಕ್ಕೆ ವೈದ್ಯರಿಗೆ ತಿಳಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ.

ಊಟ ಮಾಡಿ ಎಂದು ಬಲವಂತ ಮಾಡಿದರೆ ಯಾರೂ ಮಾಡುವುದಿಲ್ಲ. ಮೂರು ಗಂಟೆಗೊಮ್ಮೆ ಅರ್ಧ ಲೋಟ ಕೈಗೆ ಕೊಡುವುದು ಕೆಲಸಕ್ಕೆ ಬರುತ್ತದೆ: ಉಪ್ಪು ಹಾಕಿದ ಅಕ್ಕಿ ಗಂಜಿ, ರಾಗಿ ಅಂಬಲಿ, ಮಜ್ಜಿಗೆ, ಎಳನೀರು. ಬಿಸಿಲಲ್ಲಿ ಸ್ಮಶಾನಕ್ಕೆ ಹೋಗುವವರ ಜೊತೆ ಒಂದು ಲೀಟರ್ ಓಆರ್‌ಎಸ್ ಇರಲಿ, ಪೂರ್ತಿ ಪ್ಯಾಕೆಟ್ ಪೂರ್ತಿ ಲೀಟರಿಗೆ. ಅರ್ಧ ಪ್ಯಾಕೆಟ್ ಅಂದಾಜಿನಲ್ಲಿ ಕದಡಿದರೆ ಉಪ್ಪಿನ ಅಳತೆ ಕೆಡುತ್ತದೆ. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರಿನ ಮಿತಿ ಹಾಕಿಸಿಕೊಂಡವರಿಗೆ ಆ ಮಿತಿ ಈಗಲೂ ಅಷ್ಟೇ. ಎಳನೀರಿನ ಪೊಟ್ಯಾಸಿಯಂ ಕಿಡ್ನಿ ರೋಗಿಗಳಿಗೆ ಆಗುವುದಿಲ್ಲ.

ಇನ್ನೊಂದು ಮಾತು, ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. “ಪಾಪ, ಸ್ವಲ್ಪ ಮಲಗಲಿ” ಎಂದು ಪಕ್ಕದ ಮನೆಯವರು ತಂದುಕೊಡುವ ಆಲ್‌ಪ್ರಜೋಲಾಮ್ ಮಾತ್ರೆ ಬೇಡ. ವಯಸ್ಸಾದವರು ಅದನ್ನು ನುಂಗಿ ರಾತ್ರಿ ಮೂತ್ರಕ್ಕೆಂದು ಎದ್ದು ಬಚ್ಚಲಲ್ಲಿ ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ. ಮದ್ಯದ ಜೊತೆ ಸೇರಿದರೆ ಉಸಿರೇ ನಿಧಾನವಾಗಬಹುದು. ವೈದ್ಯರು ನೋಡಿ, ಕೆಲವೇ ದಿನಕ್ಕೆಂದು ಬರೆದುಕೊಟ್ಟರೆ ಅದು ಬೇರೆ ಮಾತು.

ಎದೆ ನೋವು: “ಗ್ಯಾಸ್ಟ್ರಿಕ್” ಅಂದುಬಿಡಬೇಡಿ

ನಮ್ಮಲ್ಲಿ ಎದೆಯಲ್ಲಿ ಏನಾದರೂ ಮೊದಲು ಬರುವ ಮಾತು ಗ್ಯಾಸ್ಟ್ರಿಕ್. ಸಾವಿನ ಮನೆಯಲ್ಲಿ ಅದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ: “ಅತ್ತು ಅತ್ತು ಎದೆ ನೋಯುತ್ತಿದೆ.” ಒಂದು ಲೋಟ ಜೀರಿಗೆ ಕಷಾಯ, ಒಂದು ಪ್ಯಾಂಟೊಪ್ರಜೋಲ್, ಮಲಗಿಸುವುದು. ಹೊತ್ತು ಕಳೆದುಹೋಗುವುದು ಹೀಗೆ.

ದುಃಖದಲ್ಲಿ ಎದೆ ನೋವಿಗೆ ಎರಡು ಗಂಭೀರ ಕಾರಣಗಳಿವೆ. ಒಂದು ಮಾಮೂಲಿ ಹೃದಯಾಘಾತ: ರಕ್ತನಾಳದೊಳಗಿನ ಹಳೆಯ ಕೊಬ್ಬಿನ ಗಡ್ಡೆ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟುವುದು. ಇನ್ನೊಂದು ಟಕೊಟ್ಸುಬೊ. 1990ರಲ್ಲಿ ಜಪಾನಿನ ವೈದ್ಯರು ಮೊದಲು ವಿವರಿಸಿದ ಈ ಸ್ಥಿತಿಯಲ್ಲಿ ರಕ್ತನಾಳ ಕಟ್ಟಿರುವುದಿಲ್ಲ. ಅಡ್ರಿನಲಿನ್‌ನ ಹೊಡೆತಕ್ಕೆ ಹೃದಯದ ಎಡ ಕೆಳಕೋಣೆಯ ತುದಿ ಮರಗಟ್ಟಿ ಊದಿಕೊಳ್ಳುತ್ತದೆ, ಬುಡ ಮಾತ್ರ ಬಡಿಯುತ್ತಿರುತ್ತದೆ. ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು, ಬಹುಪಾಲು ಮುಟ್ಟು ನಿಂತವರು. ದುಃಖದಿಂದ ಮಾತ್ರ ಬರುತ್ತದೆ ಎಂದೇನಿಲ್ಲ. ಆಪರೇಷನ್, ತೀವ್ರ ಸೋಂಕು, ಅಸ್ತಮಾದ ಹೊಡೆತದಿಂದಲೂ ಬರುತ್ತದೆ. ಕೆಲವರಲ್ಲಿ ಕಾರಣವೇ ಸಿಗುವುದಿಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರದಲ್ಲಿ ಹೃದಯದ ಬಡಿತದ ಬಲ ಮರಳುತ್ತದೆ. ಹಾಗೆಂದು ಇದು ಸಾಧು ಕಾಯಿಲೆಯಲ್ಲ: ನೂರರಲ್ಲಿ ನಾಲ್ಕೈದು ಮಂದಿ ಆಸ್ಪತ್ರೆಯಲ್ಲೇ ತೀರಿಕೊಳ್ಳುತ್ತಾರೆ.

ಮನೆಯಲ್ಲಿ ಕೂತು ಇವೆರಡನ್ನೂ ಬೇರೆ ಮಾಡಲು ಬರುವುದಿಲ್ಲ. ಇಸಿಜಿಯಲ್ಲೂ ಎಷ್ಟೋ ಸಲ ಒಂದೇ ಥರ ಕಾಣುತ್ತದೆ, ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಟ್ರೋಪೋನಿನ್ ಎರಡರಲ್ಲೂ ಏರುತ್ತದೆ. ಆಂಜಿಯೋಗ್ರಾಮ್, ಎಕೋ ಆದ ಮೇಲೆಯೇ ತಿಳಿಯುವುದು. ಆದ್ದರಿಂದ ಮಾಡಬೇಕಾದ್ದು ಎರಡಕ್ಕೂ ಒಂದೇ.

ಎದೆಯ ನಡುವೆ ಭಾರ, ಹಿಂಡಿದ ಹಾಗೆ, ಎಡಗೈಗೆ, ದವಡೆಗೆ, ಬೆನ್ನಿಗೆ ಹರಡುವ ನೋವು; ತಣ್ಣನೆಯ ಬೆವರು; ಕೂತಲ್ಲೇ ಏದುಸಿರು; ತಲೆಸುತ್ತಿ ಬೀಳುವುದು. ಹೆಂಗಸರಲ್ಲಿ, ಶುಗರ್ ಇರುವವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಂತಿ, ಮೇಲ್ಹೊಟ್ಟೆ ಉರಿ ಬರಬಹುದು. ಇವುಗಳಲ್ಲಿ ಯಾವುದೇ ಆಗಲಿ, ತಾನಾಗಿ ಕಡಿಮೆಯಾಗುತ್ತದೆಂದು ಕಾಯದೆ 108ಕ್ಕೆ ಕರೆ ಮಾಡಿ. ಅರೆ ಕೂತ ಭಂಗಿಯಲ್ಲಿ ಒರಗಿಸಿ, ನಡೆಸಬೇಡಿ, ಮೆಟ್ಟಿಲು ಇಳಿಸಬೇಕಾದರೆ ಕುರ್ಚಿಯಲ್ಲಿ ಕೂರಿಸಿ ಇಳಿಸಿ. ಆಸ್ಪಿರಿನ್ ಅಲರ್ಜಿ, ಹೊಟ್ಟೆಯ ರಕ್ತಸ್ರಾವ, ಬಾಯಿ ಸೊಟ್ಟಗಾಗುವುದು ಅಥವಾ ಕೈಕಾಲು ಬಿದ್ದುಹೋದ ಲಕ್ಷಣ ಇಲ್ಲವೆಂದಾದರೆ 300 ಮಿಲಿಗ್ರಾಂ ಆಸ್ಪಿರಿನ್, ಅಂದರೆ 75ರ ಮಾತ್ರೆ ನಾಲ್ಕು, ನುಂಗಿಸದೆ ಜಗಿಯಲು ಕೊಡಿ. ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಅವರದೇ ಚೀಟಿಯಲ್ಲಿ ಬರೆದಿದ್ದರೆ ಮಾತ್ರ; ಬಿಪಿ ಇಳಿದಿರುವವರಿಗೆ ಅದು ಇನ್ನಷ್ಟು ಇಳಿಸುತ್ತದೆ.

ಹೋಗುವುದೆಲ್ಲಿಗೆ? ಇಸಿಜಿ ತೆಗೆಯುವ ಅತಿ ಹತ್ತಿರದ ಆಸ್ಪತ್ರೆಗೆ. ಕರ್ನಾಟಕದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಹೃದಯ ಆಸ್ಪತ್ರೆಯ ತಜ್ಞರ ಸಲಹೆ ಪಡೆದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಕೊಡುವ ಏರ್ಪಾಡಿದೆ. ನಿಮ್ಮ ತಾಲೂಕಿನ ಆಸ್ಪತ್ರೆಯಲ್ಲಿ ಇದು ನಡೆಯುತ್ತಿದೆಯೇ ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ. ನೇರ ಬೆಂಗಳೂರಿಗೇ ಹೋಗೋಣ ಎಂದು ನಾಲ್ಕು ಗಂಟೆ ದಾರಿಯಲ್ಲಿ ಕಳೆಯುವುದು ದೊಡ್ಡ ತಪ್ಪು. ವೈದ್ಯರಿಗೆ “ನಿನ್ನೆ ಯಜಮಾನರು ತೀರಿಕೊಂಡರು” ಎಂದು ಹೇಳಿ, ಅದು ಅವರಿಗೆ ಬೇಕಾದ ಮಾಹಿತಿ. ಮೊದಲ ಇಸಿಜಿ ನಾರ್ಮಲ್ ಬಂದರೂ ನೋವು ಇದ್ದರೆ, ಇಸಿಜಿ ಮತ್ತೊಮ್ಮೆ ಯಾವಾಗ, ಟ್ರೋಪೋನಿನ್ ಕೆಲವು ಗಂಟೆ ಬಿಟ್ಟು ಮತ್ತೆ ನೋಡುತ್ತೀರಾ ಎಂದು ಕೇಳಿ. ಒಂದೇ ಇಸಿಜಿ ನೋಡಿ ಮನೆಗೆ ವಾಪಸಾಗುವುದು ಸರಿಯಲ್ಲ.

ಉಸಿರು ಕಟ್ಟಿ, ಬೆರಳು ಸೆಟೆದಾಗ

ಜೋರಾಗಿ ಅಳುವಾಗ ಉಸಿರಾಟ ಅತಿಯಾಗಿ, ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ತುಟಿಯ ಸುತ್ತ ಜುಮ್ಮೆನ್ನುತ್ತದೆ, ಬೆರಳು ಸೆಟೆದುಕೊಳ್ಳುತ್ತದೆ, ತಲೆ ಹಗುರಾಗುತ್ತದೆ. ಗಾಳಿ ಸಾಲದು ಅನಿಸಿ ಮತ್ತೂ ಜೋರಾಗಿ ಎಳೆಯುತ್ತಾರೆ. ಯುವಕರಲ್ಲಿ, ಹೃದಯದ ತೊಂದರೆ ಇಲ್ಲದವರಲ್ಲಿ ಇದು ಸಾಮಾನ್ಯ. ಸುತ್ತ ನೆರೆದವರನ್ನು ಹೊರಗೆ ಕಳಿಸಿ. ಎದುರು ಕೂತು ನೀವೇ ಉಸಿರಾಡಿ ತೋರಿಸಿ: ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಒಳಗೆ, ತುಟಿ ಕಿರಿದು ಮಾಡಿ ಆರು ಎಣಿಸುವಷ್ಟು ಹೊರಗೆ. ಐದು ನಿಮಿಷ. ಬಾಯಿಗೆ ಕಾಗದದ ಚೀಲ ಹಿಡಿಯುವ ಹಳೆಯ ಪದ್ಧತಿ ಬಿಡಿ. ನಿಜಕ್ಕೂ ಹೃದಯದ ಅಥವಾ ಅಸ್ತಮಾದ ತೊಂದರೆಯಾಗಿದ್ದರೆ ಅದು ಆಮ್ಲಜನಕವನ್ನೂ ಕಸಿಯುತ್ತದೆ. ಹದಿನೈದು ನಿಮಿಷದಲ್ಲಿ ಇಳಿಯದಿದ್ದರೆ, ಅಥವಾ ವಯಸ್ಸು 40 ದಾಟಿದ್ದು ಇದೇ ಮೊದಲ ಸಲ ಆಗಿದ್ದರೆ, ಎದೆ ನೋವಿನ ದಾರಿಯನ್ನೇ ಹಿಡಿಯಿರಿ.

ಮನೆ ಖಾಲಿಯಾದ ಮೇಲೆ

ಹದಿನಾಲ್ಕನೇ ದಿನದಿಂದ ಆರನೇ ವಾರದವರೆಗಿನ ಹೊತ್ತನ್ನು ನಮ್ಮ ಪದ್ಧತಿಗಳು ಹೆಚ್ಚು ಗಮನಿಸುವುದಿಲ್ಲ. ಹೆಂಡತಿಯನ್ನು ಕಳೆದುಕೊಂಡ ಅಪ್ಪನಿಗೆ ಅಕ್ಕಿ ಡಬ್ಬಿ ಎಲ್ಲಿದೆ ಗೊತ್ತಿಲ್ಲ. ಗಂಡನನ್ನು ಕಳೆದುಕೊಂಡ ಅಮ್ಮ ಒಬ್ಬಳಿಗೇನು ಅಡುಗೆ ಎಂದು ಬೆಳಿಗ್ಗೆಯ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ದಿನ ದೂಡುತ್ತಾಳೆ. ಹೀಗೆ ಮೊದಲು ಕರಗುವುದು ಸ್ನಾಯು. ವಯಸ್ಸಾದವರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ ಒಂದು ಗ್ರಾಂ ಪ್ರೋಟೀನ್ ಆದರೂ ಬೇಕು. 60 ಕಿಲೋ ಇದ್ದರೆ 60 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6, ಲೋಟ ಹಾಲಿನಲ್ಲಿ 6, ಹಿಡಿ ಶೇಂಗಾದಲ್ಲಿ 7, ಗಟ್ಟಿ ಬೇಳೆಯ ಒಂದು ಬಟ್ಟಲಿನಲ್ಲಿ 7ರಿಂದ 8 ಗ್ರಾಂ. ತಿಳಿಸಾರಿನಲ್ಲಿ ಬೇಳೆ ಇರುವುದು ಹೆಸರಿಗೆ. ಲೆಕ್ಕ ಹಾಕಿದರೆ ಅನ್ನ-ತಿಳಿಸಾರಿನ ದಿನ ಅರ್ಧವೂ ತುಂಬುವುದಿಲ್ಲ. (ಕಿಡ್ನಿ ಕಾಯಿಲೆಯವರು ಪ್ರೋಟೀನ್ ಏರಿಸುವ ಮೊದಲು ವೈದ್ಯರನ್ನು ಕೇಳಬೇಕು.)

ಸುಲಭದ ಏರ್ಪಾಡು ಏನೆಂದರೆ, ವಾರದ ಏಳು ರಾತ್ರಿಗೆ ಏಳು ಮನೆ. ಒಂದು ರಾತ್ರಿ ಪಕ್ಕದ ಮನೆ, ಒಂದು ರಾತ್ರಿ ತಂಗಿ, ಒಂದು ರಾತ್ರಿ ಮೆಸ್‌ನ ಊಟ. ಡಬ್ಬಿ ಕೊಟ್ಟು ಹೋಗುವುದಲ್ಲ, ಕೂತು ಜೊತೆಗೆ ಉಣ್ಣುವುದು. ಒಬ್ಬರೇ ಇದ್ದಾಗ ಡಬ್ಬಿ ತೆರೆಯದೆ ಫ್ರಿಜ್ ಸೇರುತ್ತದೆ. ಮಗ ಅಮೆರಿಕದಲ್ಲೋ ದುಬೈಯಲ್ಲೋ ಇದ್ದರೆ ಅಲ್ಲಿಂದ ಆನ್‌ಲೈನ್ ಆರ್ಡರ್ ಮಾಡುವುದಕ್ಕಿಂತ ಇಲ್ಲಿ ಊಟದ ಹೊತ್ತಿಗೆ ವಿಡಿಯೊ ಕರೆ ಮಾಡುವುದು ಹೆಚ್ಚು ಉಪಯೋಗ. ವಾರಕ್ಕೊಮ್ಮೆ, ಅದೇ ತೂಕದ ಯಂತ್ರ, ಬೆಳಗಿನ ಹೊತ್ತು, ತೂಕ ಬರೆದಿಡಿ. ತಿಂಗಳಲ್ಲಿ ಶೇಕಡಾ 5 ಇಳಿದರೆ, 60 ಕಿಲೋದವರಿಗೆ ಮೂರು ಕಿಲೋ, ವೈದ್ಯರ ಬಳಿ ಕರೆದೊಯ್ಯಿರಿ.

ಬಿಪಿ ನೋಡುವ ಕ್ರಮ ತಪ್ಪಿದರೆ ಅಂಕಿಯೂ ತಪ್ಪು. ಅತ್ತ ಮೇಲೆ, ಕಾಫಿ ಕುಡಿದ ಅರ್ಧ ಗಂಟೆಯೊಳಗೆ ನೋಡಬೇಡಿ. ಬೆನ್ನಿಗೆ ಒರಗು, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ, ಐದು ನಿಮಿಷ ಮಾತಿಲ್ಲದೆ ಕೂರಿಸಿ, ಒಂದು ನಿಮಿಷದ ಅಂತರದಲ್ಲಿ ಎರಡು ಸಲ. ಬೆಳಿಗ್ಗೆ, ಸಂಜೆ, ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ 135/85 ದಾಟಿದ್ದರೆ ಆ ಹಾಳೆಯೊಂದಿಗೆ ವೈದ್ಯರನ್ನು ಕಾಣಿ. ಸಾವಿನ ವಾರದ ಒಂದೇ ಅಂಕಿ ನೋಡಿ ಜೀವನಪೂರ್ತಿ ಮಾತ್ರೆ ಶುರುವಾದದ್ದೂ ಉಂಟು, 180/120ರ ಜೊತೆ ತಲೆನೋವು, ಕಣ್ಣು ಮಂಜು ಇದ್ದರೂ ಅಳುವಿನದೆಂದು ಬಿಟ್ಟದ್ದೂ ಉಂಟು. ಎರಡನೆಯದಕ್ಕೆ ಅದೇ ಕ್ಷಣ ಆಸ್ಪತ್ರೆಯೇ ದಾರಿ.

ನಿದ್ದೆಯ ವಿಷಯದಲ್ಲಿ ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಕಟ್ಟುನಿಟ್ಟು ಮಾಡಿ. ರಾತ್ರಿ ಹೇಗೇ ಹೋಗಿರಲಿ, ಆರಕ್ಕೆ ಎದ್ದು ಹೊರಗಿನ ಬೆಳಕಿಗೆ ಬರಬೇಕು. ಮಧ್ಯಾಹ್ನ ಮಲಗಿದರೆ ಅರ್ಧ ಗಂಟೆ, ಮೂರರ ಒಳಗೆ. ಎರಡರ ನಂತರ ಕಾಫಿ ಇಲ್ಲ. ಇದು ನಮ್ಮವರಿಗೆ ಕಷ್ಟ. ಬಂದವರಿಗೆಲ್ಲ ಕಾಫಿ, ಜೊತೆಗೆ ಇವರಿಗೂ ಒಂದೊಂದು, ಸಂಜೆಗೆ ಎಂಟು ಲೋಟ ಆಗಿರುತ್ತದೆ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಇಪ್ಪತ್ತು ನಿಮಿಷ ಹೊರಳಾಡಿದರೆ ಎದ್ದು ಬೇರೆ ಕೋಣೆಯಲ್ಲಿ ಮಂದ ಬೆಳಕಲ್ಲಿ ಕೂತು, ಜಪವೋ ಹೂಬತ್ತಿ ಹೊಸೆಯುವುದೋ, ಕಣ್ಣು ಎಳೆದಾಗ ಮತ್ತೆ ಬಂದು ಮಲಗಲಿ. ಜೋಡಿ ಮಂಚದ ಖಾಲಿ ಪಕ್ಕ ಕಂಡೇ ನಿದ್ದೆ ಬಾರದವರೂ ಇದ್ದಾರೆ. ಮಂಚದ ದಿಕ್ಕನ್ನೋ ಕೋಣೆಯನ್ನೋ ಬದಲಿಸಿ, ಆದರೆ ಅವರನ್ನು ಕೇಳಿಯೇ.

ಎರಡು-ಮೂರು ತಿಂಗಳಿಗೆ

ಈ ಹೊತ್ತಿಗೆ ಬಾಚಣಿಗೆ ತುಂಬ ಕೂದಲು ಬರಲು ಶುರುವಾಗುತ್ತದೆ. ಆಘಾತದ ಹೊತ್ತಿಗೆ ಒಟ್ಟಿಗೆ ವಿಶ್ರಾಂತಿಗೆ ಜಾರಿದ ಕೂದಲುಗಳು ಎರಡು-ಮೂರು ತಿಂಗಳ ಮೇಲೆ ಒಟ್ಟಿಗೆ ಉದುರುತ್ತವೆ. ಸಾಮಾನ್ಯವಾಗಿ ಆರು ತಿಂಗಳಲ್ಲಿ ನಿಲ್ಲುತ್ತದೆ, ಬೇರು ಸತ್ತಿರುವುದಿಲ್ಲ. ದುಬಾರಿ ಎಣ್ಣೆಗೆ ದುಡ್ಡು ಸುರಿಯುವ ಬದಲು ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ), ಥೈರಾಯ್ಡ್ ಪರೀಕ್ಷೆ ಮಾಡಿಸಿ. ಚಿಕ್ಕ ವಯಸ್ಸಿನವರಲ್ಲಿ ಮುಟ್ಟು ತಪ್ಪುವುದೂ ಇದೆ. ಮೊದಲು ಗರ್ಭ ಪರೀಕ್ಷೆ. ಮೂರು ತಿಂಗಳು ಬಾರದಿದ್ದರೆ ಸ್ತ್ರೀರೋಗ ತಜ್ಞರು.

ಮೈಕೈ ನೋವಿಗೆ ಬಿಸಿನೀರು, ಎಣ್ಣೆ, ನಡಿಗೆ ಸಾಕು. ದಿನಕ್ಕೆ ಹದಿನೈದು ನಿಮಿಷದಿಂದ ಶುರು ಮಾಡಿ, ಯಾರಾದರೂ ಜೊತೆಗಿರಲಿ. ಮನಸ್ಸಿನ ನೋವಿಗೂ ಮೈ ನೋವಿಗೂ ಮೆದುಳಿನ ಕೆಲವು ಭಾಗಗಳು ಒಂದೇ ಎಂದು 2003ರಿಂದ ಹಲವು ಸ್ಕ್ಯಾನ್ ಅಧ್ಯಯನಗಳು ಹೇಳಿವೆ. 2010ರಲ್ಲಿ ಪ್ಯಾರಾಸಿಟಮಾಲ್ ತಿಂದವರಿಗೆ ಮನಸ್ಸಿಗಾದ ನೋವು ಸ್ವಲ್ಪ ಕಡಿಮೆಯಾಯಿತೆಂಬ ಫಲಿತಾಂಶವೂ ಬಂತು. ಅದನ್ನು ಓದಿ ಡೋಲೊ ನುಂಗಲು ಹೊರಡಬೇಡಿ. ಪರಿಣಾಮ ಅತ್ಯಲ್ಪ, ಯಕೃತ್ತಿಗೆ ಬೀಳುವ ಪೆಟ್ಟು ನಿಜ. ಮದ್ಯ ಕುಡಿಯುವವರಿಗೆ, ತೂಕ ಇಳಿದವರಿಗೆ ಇನ್ನೂ ಹೆಚ್ಚು.

ಪ್ರೀತಿ ಮುರಿದವರಿಗೆ, ಡೈವೋರ್ಸ್ ಆದವರಿಗೆ

ದೇಹದೊಳಗಿನ ಕಥೆ ಅದೇ. ಬೇರೆಯಾಗುವುದು ಸುತ್ತಲಿನವರ ನಡವಳಿಕೆ. ಇಲ್ಲಿ ಗಂಜಿ ತರುವವರಿಲ್ಲ, ರಜೆ ಇಲ್ಲ, ಬೈಗುಳ ಮಾತ್ರ ಧಾರಾಳ. ಪಿಜಿಯಲ್ಲಿರುವ ಹುಡುಗನೋ ಹುಡುಗಿಯೋ ಎರಡು ದಿನ ಬಾಗಿಲು ತೆಗೆಯದಿದ್ದರೂ ಯಾರಿಗೂ ತಿಳಿಯುವುದಿಲ್ಲ. ರೂಮ್‌ಮೇಟ್‌ಗೆ ವಿಷಯ ತಿಳಿಸಿ, ದಿನಕ್ಕೆರಡು ಹೊತ್ತು ಊಟಕ್ಕೆ ಎಳೆದೊಯ್ಯುವಂತೆ ಕೇಳಿಕೊಳ್ಳಿ. ರಾತ್ರಿ ಹತ್ತರ ಮೇಲೆ ಫೋನ್ ಬೇರೆ ಕೋಣೆಯಲ್ಲಿ ಚಾರ್ಜ್ ಆಗಲಿ. ಹಳೆಯ ಫೋಟೊ, ಸ್ಟೇಟಸ್ ನೋಡಿದಾಗೆಲ್ಲ ನಾಡಿ ಏರಿ ನಿದ್ದೆ ಹಾರುತ್ತದೆ. ಮದ್ಯ ಬೇಗ ನಿದ್ದೆ ತರಿಸಿದರೂ ಅಪರಾತ್ರಿಯಲ್ಲಿ ಎಬ್ಬಿಸುತ್ತದೆ, ಮಾರನೆಯ ದಿನದ ಕಳವಳವನ್ನು ಹೆಚ್ಚಿಸುತ್ತದೆ. ಮೊದಲ ಎರಡು ತಿಂಗಳು ಪೂರ್ತಿ ಬಿಡುವುದೇ ಸುಲಭ. ಲೆಕ್ಕದಲ್ಲಿ ಕುಡಿಯುತ್ತೇನೆ ಎಂಬುದು ಈ ಹೊತ್ತಿನಲ್ಲಿ ನಡೆಯುವುದಿಲ್ಲ.

ಮನಸ್ಸಿನ ವೈದ್ಯರು ಯಾವಾಗ

ದುಃಖ ಅಲೆಯಲೆಯಾಗಿ ಬಂದು ನಡುನಡುವೆ ಮೊಮ್ಮಗುವಿನ ಮಾತಿಗೆ ನಗು ಬರುತ್ತಿದ್ದರೆ ದಾರಿ ಸರಿಯಿದೆ. ಎರಡು ವಾರ ಯಾವುದೂ ಹಿತವೆನಿಸದೆ, “ನಾನಿದ್ದು ಯಾರಿಗೆ ಉಪಯೋಗ” ಎಂಬ ಮಾತು ಬಂದರೆ ಕಾಯಬೇಡಿ. ಆರು ತಿಂಗಳು ಕಳೆದರೂ ಹಂಬಲದ ತೀವ್ರತೆ ಇಳಿಯದೆ ದಿನದ ಕೆಲಸ ನಿಂತೇ ಇದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಅದನ್ನು ಚಿಕಿತ್ಸೆ ಬೇಕಾದ ಸ್ಥಿತಿ ಎನ್ನುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಐದು ದಿನ ನುಂಗಿ “ಏನೂ ಆಗಲಿಲ್ಲ” ಎಂದು ಬಿಡುವವರೇ ಹೆಚ್ಚು.

ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಗೆ ಬರುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಅದೇ ದಿನ ವೈದ್ಯರ ಬಳಿ ಕರೆದೊಯ್ಯಿರಿ. ಹಳ್ಳಿಯ ಮನೆಯಾದರೆ ಕೀಟನಾಶಕದ ಡಬ್ಬಿಗಳು ಮನೆಯಿಂದ ಹೊರಹೋಗಬೇಕು, ಬೇರೆಯವರ ಮನೆಯಲ್ಲಿ ಬೀಗದೊಳಗೆ. ಮಾತ್ರೆಗಳೂ ವಾರದಷ್ಟೇ ಕೈಗೆ.

ವರ್ಷದ ತಿಥಿ ಹತ್ತಿರವಾದಾಗ ಅದೇ ನಿದ್ದೆಗೇಡು, ಅದೇ ಎದೆಬಡಿತ ಮರಳುವುದುಂಟು. ಒಂದು ವಾರ ಮೊದಲೇ ಬಿಪಿ, ಶುಗರ್ ನೋಡಿಸಿ, ಮಾತ್ರೆ ತಂದಿಡಿ. ಪಿಂಡ ಇಡುವವರು ಕರ್ಮ ಮುಗಿಯುವವರೆಗೆ ಉಪವಾಸ ಇರಬೇಕಾದರೆ, ಪುರೋಹಿತರು ಎಷ್ಟು ಗಂಟೆಗೆ ಮುಗಿಸುತ್ತಾರೆ, ಊಟ ಎಷ್ಟು ಹೊತ್ತಿಗೆ ಎಂದು ಮುಂಚಿತವಾಗಿ ಕೇಳಿಕೊಂಡು, ಆ ಹೊತ್ತನ್ನು ವೈದ್ಯರಿಗೆ ಹೇಳಿ ಬೆಳಗಿನ ಶುಗರ್ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಹೊಂದಿಸಿಕೊಳ್ಳಿ. ಎರಡು ಗಂಟೆಗೆ ಎಂದ ಊಟ ನಾಲ್ಕಕ್ಕೆ ಬಂದರೆ ಎಂಬ ಯೋಚನೆಗೆ ಗ್ಲೂಕೋಸ್ ಪುಡಿಯ ಪ್ಯಾಕೆಟ್ ಒಂದು ಪಂಚೆಯ ಮಡಿಲಲ್ಲಿರಲಿ.